ವಾರಕ್ಕೆ 325 ಯೂರೋ: ಐರ್ಲೆಂಡ್ ತನ್ನ ಸಂಗೀತಗಾರರಿಗೆ ಕೊಡುತ್ತಿರುವುದು ಏನನ್ನು?

2025ರ ಅಕ್ಟೋಬರ್‌ನಲ್ಲಿ ಮಂಡನೆಯಾದ ಐರ್ಲೆಂಡ್ ಬಜೆಟ್‌ನಲ್ಲಿ, ಕಲಾವಿದರಿಗೆ ವಾರವಾರವೂ ನಗದು ಕೊಡುವ 'ಕಲೆಗಳಿಗಾಗಿ ಮೂಲ ಆದಾಯ' (ಬೇಸಿಕ್ ಇನ್‌ಕಮ್ ಫಾರ್ ದಿ ಆರ್ಟ್ಸ್) ಎಂಬ ಯೋಜನೆಯನ್ನು ಕಾಯಂಗೊಳಿಸುವ ನಿರ್ಧಾರ ಪ್ರಕಟವಾಯಿತು. ಆ ಸುದ್ದಿ ಬೇರೆ ದೇಶಗಳಿಗೆ ಹರಡುತ್ತ ಹೋದಂತೆ ಎರಡು ರೂಪ ತಾಳಿತು. ಒಂದು, ಐರ್ಲೆಂಡ್‌ನಲ್ಲಿ ಇನ್ನು ಕಲಾವಿದರಿಗೆಲ್ಲ ಸರ್ಕಾರಿ ಸಂಬಳ ಎಂಬುದು. ಇನ್ನೊಂದು, ಸರ್ಕಾರ ಹಾಕಿದ ಪ್ರತಿ ಯೂರೋಗೆ 1.39 ಯೂರೋ ಮರಳಿ ಬರುತ್ತದೆ ಎಂಬುದು. ಮೊದಲನೆಯದು ತಪ್ಪು. ಎರಡನೆಯದು ಅಂಕಿಯ ಮಟ್ಟಿಗೆ ಸರಿ, ಆದರೆ ಅದನ್ನು ಓದಿಕೊಂಡ ರೀತಿ ತಪ್ಪು. ಈ ಗೊಂದಲದ ನಡುವೆ ಮರೆಯಾದ ಪ್ರಶ್ನೆ ಒಂದಿದೆ: ಮಾರುಕಟ್ಟೆಯೇ ಇಲ್ಲದಂಥ ಸಂಗೀತ ಮಾಡುವವರು, ಅಂದರೆ ಪ್ರಯೋಗಶೀಲ ಸಂಗೀತಗಾರರು, ನೌಕರಿ, ಮನೆ ಮತ್ತು ಸಂಗೀತ ಈ ಮೂರನ್ನೂ ಇಷ್ಟು ಕಾಲ ಹೇಗೆ ತೂಗಿಸಿಕೊಂಡು ಬಂದರು, ಮತ್ತು ಇಂಥ ಹಣ ಅವರ ಪಾಲಿಗೆ ನಿಜವಾಗಿ ಬದಲಿಸುವುದೇನು?

ಯೋಜನೆಯ ಸ್ವರೂಪ

ಕೋವಿಡ್ ಕಾಲದಲ್ಲಿ ವೇದಿಕೆಗಳೆಲ್ಲ ಮುಚ್ಚಿದಾಗ, ಕಲಾವಿದರ ಆದಾಯ ಎಷ್ಟು ತೆಳುವಾದ ನೆಲೆಯ ಮೇಲೆ ನಿಂತಿದೆ ಎಂಬುದು ಐರ್ಲೆಂಡ್ ಸರ್ಕಾರಕ್ಕೆ ಎದ್ದು ಕಂಡಿತು. ಆಗ ರಚಿಸಿದ ಕಾರ್ಯಪಡೆಯೊಂದರ ಶಿಫಾರಸಿನಿಂದ ಹುಟ್ಟಿದ ಈ ಯೋಜನೆ 2022ರಲ್ಲಿ ಮೂರು ವರ್ಷಗಳ ಪ್ರಯೋಗವಾಗಿ ಆರಂಭವಾಯಿತು. ಒಂಬತ್ತು ಸಾವಿರಕ್ಕೂ ಹೆಚ್ಚು ಅರ್ಜಿಗಳು ಬಂದವು, ಅವುಗಳಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಅರ್ಹವೆಂದು ಪರಿಗಣಿತವಾದವು, ಮತ್ತು ಅರ್ಹರ ಪೈಕಿ 2,000 ಮಂದಿಯನ್ನು ಚೀಟಿ ಎತ್ತಿದ ಹಾಗೆ ಯಾದೃಚ್ಛಿಕವಾಗಿ ಆರಿಸಲಾಯಿತು. ಇವರಲ್ಲಿ ಐನೂರಕ್ಕಿಂತ ಹೆಚ್ಚು ಮಂದಿ ಸಂಗೀತ ಕ್ಷೇತ್ರದವರು. ಇವರಿಗೆ ಸಿಕ್ಕಿದ್ದು ವಾರಕ್ಕೆ 325 ಯೂರೋ, ನಮ್ಮ ಲೆಕ್ಕದಲ್ಲಿ ಸುಮಾರು 33,000 ರೂಪಾಯಿ. ಹಣ ಸಿಗದ ಇನ್ನೂ 1,000 ಮಂದಿಯನ್ನು ಹೋಲಿಕೆಗಾಗಿ ಗಮನಿಸಲಾಯಿತು. ಪ್ರಯೋಗದ ಅವಧಿಯನ್ನು ಆಮೇಲೆ 2026ರ ಫೆಬ್ರವರಿವರೆಗೆ ವಿಸ್ತರಿಸಲಾಯಿತು.

ಹೀಗಾಗಿ ಹೆಸರಿನಲ್ಲಿ 'ಮೂಲ ಆದಾಯ' ಎಂದಿದ್ದರೂ ಇದು ಎಲ್ಲ ಪ್ರಜೆಗಳಿಗೂ ಸಿಗುವಂಥದ್ದಲ್ಲ, ಎಲ್ಲ ಕಲಾವಿದರಿಗೆ ಸಿಗುವಂಥದ್ದೂ ಅಲ್ಲ. ಇದನ್ನು ಸಂಬಳ ಎನ್ನುವುದಕ್ಕೂ ಬರುವುದಿಲ್ಲ, ಏಕೆಂದರೆ ಹಣಕ್ಕೆ ಪ್ರತಿಯಾಗಿ ಇಂಥದ್ದೇ ಕೃತಿ ರಚಿಸಬೇಕು, ಇಷ್ಟು ಕಛೇರಿ ಕೊಡಬೇಕು ಎಂಬ ಷರತ್ತಿಲ್ಲ. ಬೇರೆ ಕೆಲಸ ಮಾಡಿ ದುಡಿಯುವುದಕ್ಕೂ ಅಡ್ಡಿಯಿಲ್ಲ. ಆದರೆ ಹಣಕ್ಕೆ ತೆರಿಗೆ ಅನ್ವಯಿಸುತ್ತದೆ, ಮತ್ತು ಆದಾಯ ನೋಡಿ ಕೊಡುವ ಇತರ ಸರ್ಕಾರಿ ಭತ್ಯೆಗಳ ಲೆಕ್ಕಕ್ಕೂ ಅದು ಸೇರುತ್ತದೆ. ಅಂಗವೈಕಲ್ಯ ಭತ್ಯೆಯನ್ನೇ ನೆಚ್ಚಿಕೊಂಡ ಕಲಾವಿದರಿಗೆ ಇದೇ ದೊಡ್ಡ ತೊಡಕಾಗಿ, ಯೋಜನೆಯ ಬಗೆಗಿನ ಗಂಭೀರ ಆಕ್ಷೇಪಗಳಲ್ಲಿ ಒಂದಾಯಿತು.

ಇವರ ಲೆಕ್ಕವೇ ಬೇರೆ

ಮದುವೆ ಮನೆಯಲ್ಲಿ ಹಾಡುವವರಿಗೆ, ಹೋಟೆಲಿನಲ್ಲಿ ಪಿಯಾನೋ ನುಡಿಸುವವರಿಗೆ, ಸಿನಿಮಾ ಹಾಡಿನ ವಾದ್ಯವೃಂದದಲ್ಲಿ ಕೂರುವವರಿಗೆ ದುಡಿಮೆ ಅನಿಶ್ಚಿತವೇ ಆದರೂ ಗ್ರಾಹಕರೆಂಬವರು ಇದ್ದಾರೆ. ಒಂದೇ ಸ್ವರ ಒಂದು ಗಂಟೆಯ ಕಾಲ ಸೂಕ್ಷ್ಮವಾಗಿ ಬದಲಾಗುತ್ತ ಹೋಗುವ ಕೃತಿಯನ್ನೋ, ತಾವೇ ತಯಾರಿಸಿದ ವಾದ್ಯದಿಂದ ಹೊರಡುವ ಸದ್ದುಗಳನ್ನೋ, ಮೊದಲೇ ಏನನ್ನೂ ನಿರ್ಧರಿಸದೆ ನಾಲ್ವರು ಕೂಡಿ ನುಡಿಸುವ ಕಛೇರಿಯನ್ನೋ ಕೇಳಲು ಬರುವವರು ದೊಡ್ಡ ನಗರದಲ್ಲೂ ಮೂವತ್ತು ನಲವತ್ತು ಮಂದಿ ಇದ್ದರೆ ಹೆಚ್ಚು. ಟಿಕೆಟ್ ಹಣ ಸಭಾಂಗಣದ ಬಾಡಿಗೆಗೆ ಸಾಲುವುದಿಲ್ಲ.

ಅಂತರಜಾಲದಿಂದ ಕೇಳುಗರು ಸಿಗುತ್ತಾರೆ ಎಂಬ ಭರವಸೆ ಅರ್ಧ ನಿಜವಾಯಿತು. ಜಗತ್ತಿನ ಬೇರೆ ಬೇರೆ ಮೂಲೆಗಳಲ್ಲಿರುವ ಮುನ್ನೂರು ಕೇಳುಗರು ಈಗ ಒಬ್ಬ ಸಂಗೀತಗಾರನನ್ನು ಹುಡುಕಿಕೊಳ್ಳಬಲ್ಲರು. ಆದರೆ ಹಣ ಹಂಚುವ ಪದ್ಧತಿ ಆ ಮುನ್ನೂರರ ಪರವಾಗಿಲ್ಲ. ಸ್ಪಾಟಿಫೈನಲ್ಲಿ ಚಂದಾ ಹಣವೆಲ್ಲ ಒಂದೆಡೆ ಸೇರಿ, ಒಟ್ಟು ಆಲಿಸುವಿಕೆಯಲ್ಲಿ ಯಾರ ಪಾಲು ಎಷ್ಟೋ ಅದರಂತೆ ಹಂಚಿಕೆಯಾಗುತ್ತದೆ. ಮೂರು ನಿಮಿಷದ ಹಾಡು ಒಮ್ಮೆ ಕೇಳಿಸಿದರೂ, ನಲವತ್ತು ನಿಮಿಷದ ಕೃತಿ ಒಮ್ಮೆ ಕೇಳಿಸಿದರೂ ಎಣಿಕೆಗೆ ಅದು ಒಂದೇ. ಸಾಲದೆಂಬಂತೆ, ಹಿಂದಿನ ಹನ್ನೆರಡು ತಿಂಗಳಲ್ಲಿ ಕನಿಷ್ಠ 1,000 ಬಾರಿ ಕೇಳಿಸದ ಧ್ವನಿಮುದ್ರಣಕ್ಕೆ ಗೌರವಧನವೇ ಇಲ್ಲ ಎಂಬ ನಿಯಮವನ್ನು 2024ರಿಂದ ಜಾರಿಗೆ ತರಲಾಯಿತು. ಕೇಳುಗರಿಗೆ ನೇರವಾಗಿ ಮಾರುವ ಅವಕಾಶ ಕೊಟ್ಟು ಈ ವರ್ಗದವರಿಗೆ ಬಹಳ ನೆರವಾದ ಬ್ಯಾಂಡ್‌ಕ್ಯಾಂಪ್ ಕೂಡ 2022ರಲ್ಲಿ ಒಂದು ಕಂಪನಿಗೆ, 2023ರಲ್ಲಿ ಮತ್ತೊಂದಕ್ಕೆ ಮಾರಾಟವಾಗಿ, ಅದರ ಸಿಬ್ಬಂದಿಯಲ್ಲಿ ಅರ್ಧದಷ್ಟು ಮಂದಿ ಕೆಲಸ ಕಳೆದುಕೊಂಡರು. ಹೀಗೆ ಸಂಗೀತದಿಂದಲೇ ಜೀವನ ಎಂಬುದು ಇವರ ಮಟ್ಟಿಗೆ ಅಪವಾದ. ಹೊಟ್ಟೆಪಾಡಿಗೆ ಬೇರೊಂದು ಕೆಲಸ ಎಂಬುದೇ ನಿಯಮ.

ಟ್ಯಾಕ್ಸಿ, ವಿಮೆ ಮತ್ತು ಕೋಟಿನ ವ್ಯಾಪಾರ

'ಹಾಗಾದರೆ ಕೆಲಸ ಮಾಡಲಿ ಬಿಡಿ, ದೊಡ್ಡವರೆಲ್ಲ ಹಾಗೇ ಬೆಳೆದರಲ್ಲ' ಎಂಬುದು ಈ ಯೋಜನೆಯನ್ನು ವಿರೋಧಿಸುವವರ ಮೊದಲ ವಾದ. ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ, ಏಕೆಂದರೆ ಉದಾಹರಣೆಗಳು ನಿಜವಾದವು.

ಅಮೆರಿಕದ ಸಂಗೀತ ರಚನಕಾರ ಫಿಲಿಪ್ ಗ್ಲಾಸ್ ನಲವತ್ತು ದಾಟುವವರೆಗೂ ನ್ಯೂಯಾರ್ಕಿನಲ್ಲಿ ಕೊಳಾಯಿ ರಿಪೇರಿ ಕೆಲಸ ಮಾಡಿದರು, ಸಾಮಾನು ಸಾಗಿಸಿದರು, ಟ್ಯಾಕ್ಸಿ ಓಡಿಸಿದರು. 1976ರ ನವೆಂಬರ್‌ನಲ್ಲಿ ಮೆಟ್ರೊಪಾಲಿಟನ್ ಒಪೆರಾದಲ್ಲಿ ಅವರ ಕೃತಿ ತುಂಬಿದ ಸಭಾಂಗಣದಲ್ಲಿ ಪ್ರದರ್ಶನಗೊಂಡ ಮೇಲೂ ಸಾಲ ಉಳಿದದ್ದರಿಂದ ಮತ್ತೆ ಟ್ಯಾಕ್ಸಿಗೇ ಮರಳಬೇಕಾಯಿತು. ಆಗ ಅವರಿಗೆ ಇಬ್ಬರು ಚಿಕ್ಕ ಮಕ್ಕಳಿದ್ದರು. ನೆದರ್ಲೆಂಡ್ಸ್‌ನಿಂದ ಒಪೆರಾ ಬರೆಯುವ ಆಹ್ವಾನ ಬಂದ ನಂತರವಷ್ಟೇ ಆ ದುಡಿಮೆ ನಿಂತಿತು; ಗಾಂಧೀಜಿಯ ದಕ್ಷಿಣ ಆಫ್ರಿಕಾದ ದಿನಗಳನ್ನು ಕುರಿತ, ಭಗವದ್ಗೀತೆಯ ಸಂಸ್ಕೃತ ಪಠ್ಯವನ್ನೇ ಹಾಡುವ 'ಸತ್ಯಾಗ್ರಹ' ಹುಟ್ಟಿದ್ದು ಹಾಗೆ. ಅತಿ ನಿಧಾನವಾದ, ಅತಿ ಮೆಲುದನಿಯ ಕೃತಿಗಳಿಗೆ ಹೆಸರಾದ ಮಾರ್ಟನ್ ಫೆಲ್ಡ್‌ಮನ್ ನಲವತ್ತನಾಲ್ಕರ ವಯಸ್ಸಿನವರೆಗೂ ಮನೆತನದ ಉಡುಪಿನ ವ್ಯಾಪಾರದಲ್ಲಿ ದುಡಿದರು. ಗ್ರೀಕ್ ಮೂಲದ ಸಂಗೀತ ರಚನಕಾರ ಯಾನಿಸ್ ಕ್ಸೆನಾಕಿಸ್ ಪ್ಯಾರಿಸ್ಸಿನಲ್ಲಿ ವಾಸ್ತುಶಿಲ್ಪಿ ಲ ಕಾರ್ಬೂಸಿಯೆ ಅವರ ಕಚೇರಿಯಲ್ಲಿ ಎಂಜಿನಿಯರ್ ಆಗಿದ್ದರು. ಅವರ ವಿಷಯದಲ್ಲಂತೂ ನೌಕರಿಯ ಗಣಿತವೇ ಸಂಗೀತಕ್ಕೆ ಹರಿದು ಬಂತು.

ಇವರೆಲ್ಲರಿಗಿಂತ ಹೆಚ್ಚು ಉಲ್ಲೇಖವಾಗುವ ಹೆಸರು ಚಾರ್ಲ್ಸ್ ಐವ್ಸ್. 1907ರಲ್ಲಿ ಪಾಲುದಾರನೊಡನೆ ವಿಮಾ ಏಜೆನ್ಸಿ ತೆರೆದು ಶ್ರೀಮಂತನಾದ ಈತ ಸಂಜೆ ಹಾಗೂ ರಜಾ ದಿನಗಳಲ್ಲಿ ಬರೆದ ಸಂಗೀತ ತನ್ನ ಕಾಲಕ್ಕಿಂತ ಹಲವು ದಶಕ ಮುಂದಿತ್ತು. ಹೆಂಡತಿ ಮಕ್ಕಳಿರುವವನು ತನ್ನ ಅಪಸ್ವರಗಳಿಗಾಗಿ ಅವರನ್ನು ಉಪವಾಸ ಕೆಡವಬಾರದು ಎಂಬುದು ಅವನ ನಿಲುವಾಗಿತ್ತು. ಆದರೆ ಈ ಕಥೆಯನ್ನು ಮಾದರಿಯಾಗಿ ಹೇಳುವವರು ಅದರ ಉತ್ತರಾರ್ಧವನ್ನು ಬಿಟ್ಟುಬಿಡುತ್ತಾರೆ. 1918ರಲ್ಲಿ ಅವನ ಆರೋಗ್ಯ ತೀವ್ರವಾಗಿ ಕುಸಿಯಿತು, 1920ರ ದಶಕ ಮುಗಿಯುವುದರೊಳಗೆ ಹೊಸ ರಚನೆ ನಿಂತೇಹೋಯಿತು. ಅವನ ಮೂರನೆಯ ಸಿಂಫನಿ ಮೊದಲ ಬಾರಿ ನುಡಿಸಲ್ಪಟ್ಟದ್ದು 1946ರಲ್ಲಿ. ಮರುವರ್ಷ ಅದಕ್ಕೆ ಅಮೆರಿಕದ ಪ್ರತಿಷ್ಠಿತ ಪುಲಿಟ್ಜರ್ ಪ್ರಶಸ್ತಿ ಬಂದಾಗ ಅವನಿಗೆ ಎಪ್ಪತ್ತು ದಾಟಿತ್ತು.

ಈ ಉದಾಹರಣೆಗಳಿಂದ ನೌಕರಿಯೇ ಕಲೆಗೆ ಒಳ್ಳೆಯದು ಎಂಬ ತೀರ್ಮಾನಕ್ಕೆ ಬರುವುದರಲ್ಲಿ ಎರಡು ದೋಷಗಳಿವೆ. ಗೆದ್ದವರ ಕಥೆ ಮಾತ್ರ ನಮಗೆ ಗೊತ್ತು ಎಂಬುದು ಒಂದು; ಟ್ಯಾಕ್ಸಿಯಲ್ಲೇ ಉಳಿದವರ ಸಂಗೀತ ಯಾರ ಕಿವಿಗೂ ಬೀಳಲಿಲ್ಲ. ಇನ್ನೊಂದು ಹೆಚ್ಚು ಮುಖ್ಯವಾದದ್ದು. ಗ್ಲಾಸ್ ಅವರಿಗೆ ನೆರವಾದದ್ದು ಟ್ಯಾಕ್ಸಿ ಎನ್ನುವುದಕ್ಕಿಂತ, ಬೇಕೆಂದಾಗ ಬಿಟ್ಟು ಬೇಕೆಂದಾಗ ಹಿಡಿಯಬಹುದಾದ ಕೆಲಸ ಮತ್ತು ಅಂದಿನ ನ್ಯೂಯಾರ್ಕಿನ ಅಗ್ಗದ ಬಾಡಿಗೆ. ಮೂರು ವಾರದ ಪ್ರವಾಸಕ್ಕೆ ಹೊರಟರೆ ಟ್ಯಾಕ್ಸಿ ಗ್ಯಾರೇಜಿನವರು ರಜಾ ಅರ್ಜಿ ಕೇಳುತ್ತಿರಲಿಲ್ಲ. ಇಂದಿನ ಡಬ್ಲಿನ್‌ನಲ್ಲಿ ಆ ಎರಡೂ ಇಲ್ಲ. ಬಾಡಿಗೆ ಗಗನಕ್ಕೇರಿದೆ, ಬಾಡಿಗೆ ಕಟ್ಟುವಷ್ಟು ಸಂಬಳ ಕೊಡುವ ನೌಕರಿ ಪೂರ್ಣಾವಧಿಯದ್ದು, ಸಂಜೆಯ ಮೇಲೂ ಇಮೇಲ್ ಕಳಿಸುವಂಥದ್ದು.

ಮನೆಯೊಳಗಿನ ಗಂಟೆಗಳು

ನೌಕರಿಯ ಬಗ್ಗೆ ಇಷ್ಟು ಮಾತಾಡುವವರು ಮನೆಯ ಬಗ್ಗೆ ಮಾತಾಡುವುದು ಕಡಿಮೆ. ಆದರೆ ನೌಕರಿ ಮತ್ತು ಸಂಗೀತದ ನಡುವೆ ಸಿಕ್ಕ ಮೂರನೆಯ ಸಂಗತಿಯೇ ಅನೇಕರ ಪಾಲಿಗೆ ನಿರ್ಣಾಯಕ.

ಅಮೆರಿಕದ ಸಂಗೀತ ರಚನಕಾರ್ತಿ ರೂತ್ ಕ್ರಾಫರ್ಡ್ ಸೀಗರ್ 1930ರಲ್ಲಿ ಗುಗನ್‌ಹೈಮ್ ಫೆಲೋಶಿಪ್ ಎಂಬ ಪ್ರತಿಷ್ಠಿತ ಧನಸಹಾಯ ಪಡೆದರು. ಸಂಗೀತ ರಚನೆಗಾಗಿ ಅದನ್ನು ಪಡೆದ ಮೊದಲ ಮಹಿಳೆ ಅವರು. ಮರುವರ್ಷ ಬರೆದ ತಂತಿವಾದ್ಯಗಳ ಚತುಷ್ಕವನ್ನು ಇಂದಿಗೂ ಇಪ್ಪತ್ತನೆಯ ಶತಮಾನದ ಅತ್ಯಂತ ಧೀರ ರಚನೆಗಳಲ್ಲಿ ಒಂದೆಂದು ಎಣಿಸುತ್ತಾರೆ. 1932ರಲ್ಲಿ ಮದುವೆ, ಬಳಿಕ ನಾಲ್ವರು ಮಕ್ಕಳು, ಆರ್ಥಿಕ ಮುಗ್ಗಟ್ಟು, ಮನೆಪಾಠ, ಶಿಶುವಿಹಾರಗಳಲ್ಲಿ ಸಂಗೀತ ಬೋಧನೆ, ಜನಪದ ಹಾಡುಗಳ ಸ್ವರಲೇಖನ. ಆ ಕೆಲಸವೂ ಮೌಲಿಕವೇ. ಆದರೆ ಮೊದಲಿನ ಬಗೆಯ ರಚನೆ ಸುಮಾರು ಎರಡು ದಶಕ ಬಹುತೇಕ ನಿಂತುಹೋಯಿತು. 1952ರಲ್ಲಿ ಗಾಳಿವಾದ್ಯಗಳಿಗಾಗಿ ಒಂದು ಕೃತಿ ಬರೆದು ಮತ್ತೆ ಆ ದಾರಿಗೆ ಬಂದರು. ಮರುವರ್ಷವೇ ಕ್ಯಾನ್ಸರ್‌ನಿಂದ ತೀರಿಕೊಂಡರು. ಫ್ರಾನ್ಸಿನ ಎಲಿಯಾನ್ ರಾಡೀಗ್ 1950ರ ದಶಕದಲ್ಲೇ, ಮುದ್ರಿಸಿದ ಸದ್ದುಗಳನ್ನು ಜೋಡಿಸಿ ಕಟ್ಟುವ ಟೇಪ್ ಸಂಗೀತದ ಪ್ರವರ್ತಕರ ಒಡನಾಟಕ್ಕೆ ಬಂದರೂ, ಮೂರು ಮಕ್ಕಳ ತಾಯಿಯಾಗಿ, ತಮ್ಮದೇ ಎನ್ನುವಂಥ ದೀರ್ಘ ಎಲೆಕ್ಟ್ರಾನಿಕ್ ಕೃತಿಗಳನ್ನು ರಚಿಸತೊಡಗಿದ್ದು 1960ರ ದಶಕದ ಕೊನೆಯಲ್ಲಿ.

ಇಲ್ಲಿನ ಕಾರಣ-ಪರಿಣಾಮವನ್ನು ಬಿಡಿಸಿ ನೋಡಬೇಕು. ಪ್ರಯೋಗಶೀಲ ಸಂಗೀತಕ್ಕೆ ಬೇಕಾದದ್ದು ಹೆಚ್ಚು ಗಂಟೆಗಳಷ್ಟೇ ಅಲ್ಲ, ತುಂಡಾಗದ ಗಂಟೆಗಳು. ಕಲಿತ ಕೃತಿಯನ್ನು ದಿನಕ್ಕೆ ಇಪ್ಪತ್ತು ಇಪ್ಪತ್ತು ನಿಮಿಷವಾಗಿ ಅಭ್ಯಾಸ ಮಾಡಬಹುದು. ಹೇಗೆ ಕೇಳಿಸುತ್ತದೆಂದು ತನಗೇ ಗೊತ್ತಿಲ್ಲದ ಸದ್ದನ್ನು ಹುಡುಕುವವರು ಮೊದಲ ಎರಡು ಗಂಟೆಯಲ್ಲಿ ಸಿಕ್ಕಿದ್ದನ್ನೆಲ್ಲ ಎಸೆದು ಮೂರನೆಯ ಗಂಟೆಗೆ ಕಾಯಬೇಕಾಗುತ್ತದೆ. ಮಗುವಿಗೆ ಜ್ವರ ಬಂದ ದಿನ ಆ ಮೂರನೆಯ ಗಂಟೆ ಬರುವುದಿಲ್ಲ. ಕಛೇರಿಗಳು ನಡೆಯುವುದು ರಾತ್ರಿ ಎಂಟರ ಮೇಲೆ, ಮಕ್ಕಳನ್ನು ಮಲಗಿಸುವುದೂ ಅದೇ ಹೊತ್ತಿಗೆ. ಮನೆಯಲ್ಲಿ ಈ ಹೊತ್ತನ್ನು ಬಿಟ್ಟುಕೊಡುವ ಇನ್ನೊಬ್ಬರು ಇದ್ದರೆ ಮಾತ್ರ ಸಂಗೀತ ಮುಂದುವರಿಯುತ್ತದೆ. ಐವ್ಸ್‌ನ ಸಂಜೆಗಳು ಅವನಿಗೇ ಉಳಿದದ್ದರ ಹಿಂದೆ ಮನೆಯನ್ನು ನೋಡಿಕೊಂಡ ಹೆಂಡತಿ ಇದ್ದಳು. ಕ್ರಾಫರ್ಡ್ ಸೀಗರ್ ಅವರ ಸಂಜೆಗಳನ್ನು ಹಾಗೆ ಕಾಯುವವರು ಇರಲಿಲ್ಲ.

ಯಾರು ಆರಿಸಬೇಕು?

ಐರ್ಲೆಂಡ್ ಕಲಾವಿದರಿಗೆ ನೆರವಾಗುತ್ತಿರುವುದು ಇದೇ ಮೊದಲಲ್ಲ. 1969ರಲ್ಲಿ ಕಲಾಕೃತಿಗಳಿಂದ ಬರುವ ಆದಾಯಕ್ಕೆ ತೆರಿಗೆ ವಿನಾಯಿತಿ ಬಂತು. ಆದರೆ ವಿನಾಯಿತಿಯ ಲಾಭ ಆದಾಯ ಇರುವವರಿಗೆ ಮಾತ್ರ. 1981ರಲ್ಲಿ ಸ್ಥಾಪನೆಯಾದ ಆಸ್‌ಡಾನಾ ಎಂಬ ಕಲಾವಿದರ ಕೂಟ, ತನ್ನ ಸದಸ್ಯರಲ್ಲಿ ಆದಾಯ ಕಡಿಮೆ ಇರುವವರಿಗೆ ವರ್ಷಾಶನ ಕೊಡುತ್ತದೆ. ಅದರ ಸದಸ್ಯತ್ವಕ್ಕೆ 250ರ ಮಿತಿ ಇದೆ, ಮತ್ತು ಹೊಸಬರನ್ನು ಆರಿಸುವವರು ಹಳೆಯ ಸದಸ್ಯರೇ. ಅಂದರೆ ಅಲ್ಲಿಗೆ ತಲುಪುವಷ್ಟರಲ್ಲಿ ಕಲಾವಿದನಿಗೆ ಮನ್ನಣೆ ಸಿಕ್ಕಿರಬೇಕು. ಫ್ರಾನ್ಸಿನ ಪ್ರಸಿದ್ಧ ನಿರುದ್ಯೋಗ ವಿಮೆಯಲ್ಲಿ ಪ್ರದರ್ಶನ ಕಲಾವಿದರು ಹನ್ನೆರಡು ತಿಂಗಳಲ್ಲಿ 507 ಗಂಟೆ ಸಂಬಳದ ಕೆಲಸ ಮಾಡಿದ್ದರೆ, ಕೆಲಸವಿಲ್ಲದ ದಿನಗಳಿಗೂ ಭತ್ಯೆ ಸಿಗುತ್ತದೆ. ಜಗತ್ತಿನಲ್ಲೇ ಇದು ಉದಾರವಾದ ವ್ಯವಸ್ಥೆಗಳಲ್ಲೊಂದು. ಆದರೂ, ಆರು ತಿಂಗಳು ಕೋಣೆಯಲ್ಲಿ ಸದ್ದು ಹುಡುಕಿದವರ ಗಂಟೆಗಳು ಆ 507ಕ್ಕೆ ಸೇರುವುದಿಲ್ಲ.

ಈ ಮೂರರ ಪಕ್ಕದಲ್ಲಿಟ್ಟು ನೋಡಿದಾಗ ಐರ್ಲೆಂಡ್‌ನ ಚೀಟಿ ಪದ್ಧತಿಯ ಅರ್ಥ ಬೇರೆಯಾಗಿ ಕಾಣುತ್ತದೆ. ಅರ್ಜಿದಾರ ನಿಜಕ್ಕೂ ಕಲೆಯಲ್ಲಿ ತೊಡಗಿದ್ದಾನೆಂಬುದಕ್ಕೆ ಪುರಾವೆ ಕೇಳಿದರೂ, ಅವನ ಕಲೆ ಎಷ್ಟು ಒಳ್ಳೆಯದು ಎಂದು ಯಾವ ಸಮಿತಿಯೂ ತೂಗಲಿಲ್ಲ. ವಿರೋಧಿಗಳಿಗೆ ಇದೇ ಹಗರಣದಂತೆ ಕಾಣುತ್ತದೆ: ತೆರಿಗೆದಾರರ ಹಣವನ್ನು ಗುಣ ನೋಡದೆ ಹಂಚುವುದೇ? ಪ್ರಯೋಗಶೀಲರ ದೃಷ್ಟಿಯಿಂದ ನೋಡಿದರೆ ಅದೇ ಅದರ ಶಕ್ತಿ, ಏಕೆಂದರೆ ಸಮಿತಿಗಳು ತಮಗೆ ಪರಿಚಿತವಾದ ಅಳತೆಗೋಲಿನಿಂದ ಅಳೆಯುತ್ತವೆ, ಮತ್ತು ಆ ಗೋಲನ್ನೇ ಒಪ್ಪದವರು ಸಹಜವಾಗಿ ಹೊರಗುಳಿಯುತ್ತಾರೆ. ಹಾಗೆಂದು ಚೀಟಿ ನ್ಯಾಯಯುತವೆಂದು ಹೇಳಲಾಗದು. ಆರು ಸಾವಿರ ಅರ್ಹರು ಅದೃಷ್ಟವಿಲ್ಲದ ಕಾರಣಕ್ಕಷ್ಟೇ ಹೊರಗುಳಿದರು.

ಆ 1.39ರ ಒಳಗೇನಿದೆ?

2025ರ ಸೆಪ್ಟೆಂಬರ್‌ನಲ್ಲಿ ಪ್ರಕಟವಾದ ವೆಚ್ಚ-ಲಾಭದ ವಿಶ್ಲೇಷಣೆಯ ಪ್ರಕಾರ, ಮರಳಿದ ತೆರಿಗೆ ಇತ್ಯಾದಿಗಳನ್ನು ಕಳೆದ ಮೇಲೆ ಯೋಜನೆಯ ನಿವ್ವಳ ವೆಚ್ಚ ಸುಮಾರು 7.2 ಕೋಟಿ ಯೂರೋ. ಸಮಾಜಕ್ಕಾದ ಲಾಭ 10 ಕೋಟಿ ಯೂರೋಗಿಂತ ಹೆಚ್ಚು. ಎರಡರ ಅನುಪಾತವೇ 1.39. ಆದರೆ ಆ 10 ಕೋಟಿಯಲ್ಲಿ ಸುಮಾರು 8 ಕೋಟಿ ಕಲಾವಿದರ ಮಾನಸಿಕ ನೆಮ್ಮದಿಗೆ ಕಟ್ಟಿದ ಬೆಲೆ. ಅದು ಖಜಾನೆಗೆ ಮರಳಿದ ನಗದಲ್ಲ. ನೆಮ್ಮದಿಗೆ ಹಣದ ಬೆಲೆ ಕಟ್ಟುವುದು ಸಾರ್ವಜನಿಕ ಯೋಜನೆಗಳ ಮೌಲ್ಯಮಾಪನದಲ್ಲಿ ಒಪ್ಪಿತ ವಿಧಾನವೇ. ಆದರೆ 'ಒಂದು ಹಾಕಿದರೆ ಒಂದೂ ಕಾಲಿಗಿಂತ ಹೆಚ್ಚು ಬಂತು' ಎಂದು ಬಡ್ಡಿ ವ್ಯವಹಾರದಂತೆ ಅದನ್ನು ಸಾರುವುದು ಯೋಜನೆಯ ಮಿತ್ರರು ಮಾಡಿದ ತಪ್ಪು. ವಿರೋಧಿಗಳು ಹೆಚ್ಚು ಪ್ರಯಾಸವಿಲ್ಲದೆ ಅದನ್ನು ಬಿಡಿಸಿ ತೋರಿಸಬಲ್ಲರು.

ಅದೇ ವಿಶ್ಲೇಷಣೆಯಲ್ಲಿ ಬೇರೆ ಮೂರು ಅಂಕಿಗಳು ಹೆಚ್ಚು ಗಮನಾರ್ಹ. ಹಣ ಪಡೆದವರ ಕಲೆಯ ಆದಾಯ ತಿಂಗಳಿಗೆ ಸರಾಸರಿ 500 ಯೂರೋಗೂ ಹೆಚ್ಚು ಏರಿತು, ಕಲೆಯಾಚೆಗಿನ ಕೆಲಸದ ಆದಾಯ ಸುಮಾರು 280 ಯೂರೋ ಇಳಿಯಿತು, ಇತರ ಸರ್ಕಾರಿ ಭತ್ಯೆಗಳ ಮೇಲಿನ ಅವಲಂಬನೆ ಸುಮಾರು 100 ಯೂರೋ ತಗ್ಗಿತು. ಅಂದರೆ ಜನ ಕೆಲಸ ಬಿಟ್ಟು ಕೂರಲಿಲ್ಲ. ಒಂದು ಬಗೆಯ ಕೆಲಸದಿಂದ ಇನ್ನೊಂದು ಬಗೆಯದಕ್ಕೆ ಸ್ವಲ್ಪ ಸರಿದರು. ಆದರೆ ಇವು ಎಲ್ಲ ಕಲೆಗಳ ಸರಾಸರಿ. ಮಾರುಕಟ್ಟೆ ಇರುವ ಚಿತ್ರಕಾರನಿಗೆ ಹೆಚ್ಚುವರಿ ದಿನ ಸಿಕ್ಕರೆ ಹೆಚ್ಚುವರಿ ಚಿತ್ರ ಮಾರಾಟವಾಗಬಹುದು. ಪ್ರಯೋಗಶೀಲ ಸಂಗೀತಗಾರನಿಗೆ ಅದೇ ದಿನ ಸಿಕ್ಕರೆ ಸಂಗೀತ ಉತ್ತಮಗೊಳ್ಳಬಹುದೇ ಹೊರತು ಆದಾಯ ಏರಬೇಕೆಂದೇನಿಲ್ಲ. ಮುಂದೆ ಯೋಜನೆಯ ಯಶಸ್ಸನ್ನು ಕಲೆಯ ಆದಾಯದಿಂದ ಅಳೆಯತೊಡಗಿದರೆ, ಯಾರಿಗೆ ಇದು ಅತ್ಯಗತ್ಯವೋ ಅವರೇ ವಿಫಲರ ಪಟ್ಟಿಯಲ್ಲಿ ಕಾಣಿಸಿಕೊಳ್ಳುವ ಅಪಾಯವಿದೆ.

ಎದುರಾಗುವ ಪ್ರಶ್ನೆಗಳು

ಕಲಾವಿದರಿಗೇ ಏಕೆ, ವೃದ್ಧರನ್ನು ನೋಡಿಕೊಳ್ಳುವವರಿಗೆ ಏಕಿಲ್ಲ ಎಂಬ ಪ್ರಶ್ನೆ ಸಾಮಾನ್ಯರದ್ದು. ಗ್ಯಾರಂಟಿ ಯೋಜನೆಗಳ ಚರ್ಚೆಯನ್ನು ವರ್ಷಗಟ್ಟಲೆ ಕೇಳಿರುವ ಕನ್ನಡಿಗರಿಗೆ ಈ ಧಾಟಿ ಹೊಸದಲ್ಲ. ಸಾರ್ವತ್ರಿಕ ಮೂಲ ಆದಾಯದ, ಅಂದರೆ ಎಲ್ಲ ಪ್ರಜೆಗಳಿಗೂ ಷರತ್ತಿಲ್ಲದೆ ಹಣ ಕೊಡಬೇಕೆಂಬ ಕಲ್ಪನೆಯ, ಪ್ರತಿಪಾದಕರ ಆಕ್ಷೇಪ ಇನ್ನೊಂದು ದಿಕ್ಕಿನಿಂದ ಬರುತ್ತದೆ: ಒಂದು ವೃತ್ತಿಗೆ ಸೀಮಿತವಾದದ್ದಕ್ಕೆ ಆ ಹೆಸರಿಟ್ಟರೆ ಮೂಲ ಕಲ್ಪನೆಯೇ ಸೊರಗುತ್ತದೆ ಎಂಬುದು ಅವರ ಆತಂಕ. ಹಣವೆಲ್ಲ ಕೊನೆಗೆ ಮನೆ ಮಾಲೀಕರ ಜೇಬು ಸೇರುತ್ತದೆ ಎನ್ನುವವರೂ ಇದ್ದಾರೆ. ದೇಶದಲ್ಲಿ ವಸತಿ ಕೊರತೆ ಇರುವಾಗ ಈ ಮಾತಿನಲ್ಲಿ ತಥ್ಯವಿದೆ, ಆದರೆ ಅದು ಯಾವುದೇ ಸಂಬಳಕ್ಕೂ ಅನ್ವಯಿಸುವ ಮಾತು.

ಕರ್ನಾಟಕದಲ್ಲಿ ಹೋಲಿಸಿ ನೋಡಬಹುದಾದ ವ್ಯವಸ್ಥೆಗಳು ಎರಡು. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಮಾಸಾಶನ ವಯಸ್ಸಾದ, ಕಷ್ಟದಲ್ಲಿರುವ ಕಲಾವಿದರಿಗೆ ಸಿಗುತ್ತದೆ; ಬದುಕಿನ ಕೊನೆಯ ಭಾಗದಲ್ಲಿ ಅದೊಂದು ಆಸರೆ, ಆದರೆ ಕಲೆ ರೂಪುಗೊಳ್ಳುವ ಮೂವತ್ತು ನಲವತ್ತರ ವಯಸ್ಸಿನಲ್ಲಿ ಅದರ ನೆರಳಿಲ್ಲ. ಆಕಾಶವಾಣಿಯ ನಿಲಯ ಕಲಾವಿದರ ಹುದ್ದೆ ಹಲವು ತಲೆಮಾರಿನ ವಿದ್ವಾಂಸರಿಗೆ ತಿಂಗಳ ಸಂಬಳ ಕೊಟ್ಟಿತು. ಆದರೆ ಆಕಾಶವಾಣಿಯ ಧ್ವನಿಪರೀಕ್ಷೆ ಮತ್ತು ದರ್ಜೆಗಳು ಶಾಸ್ತ್ರೀಯ, ಸುಗಮ, ಜಾನಪದ ಮುಂತಾದ ಸಿದ್ಧ ವಿಭಾಗಗಳಿಗೆ ಹೊಂದಿಕೊಂಡವು. ಅವುಗಳ ನಡುವೆ ಬೀಳುವ ಸದ್ದಿಗೆ ದರ್ಜೆಯೇ ಇಲ್ಲ. ಬೆಂಗಳೂರಿನಲ್ಲಿ ಎಲೆಕ್ಟ್ರಾನಿಕ್ ಹಾಗೂ ಮುಕ್ತ ಮನೋಧರ್ಮದ ಸಂಗೀತ ಮಾಡುವ ಹಲವರು ಸಾಫ್ಟ್‌ವೇರ್, ವಿನ್ಯಾಸ, ಜಾಹೀರಾತು, ಬೋಧನೆಯಂಥ ಕೆಲಸಗಳನ್ನು ನೆಚ್ಚಿಕೊಂಡಿರುವುದು ಅಚ್ಚರಿಯ ವಿಷಯವಲ್ಲ.

ಮುಂದೆ ಏನಾಗಬಹುದು?

ಕಾಯಂ ಎಂಬ ಮಾತು ಯೋಜನೆಗೆ ಅನ್ವಯಿಸುತ್ತದೆಯೇ ಹೊರತು ಹಣ ಪಡೆಯುವ ವ್ಯಕ್ತಿಗಲ್ಲ ಎಂಬುದನ್ನು ಗಮನಿಸಬೇಕು. ಹಣದ ನಿಜ ಬೆಲೆಯೂ ಕರಗುತ್ತಿದೆ. 2022ರಲ್ಲಿ ಐರ್ಲೆಂಡ್‌ನ ಕನಿಷ್ಠ ವೇತನ ಗಂಟೆಗೆ 10.50 ಯೂರೋ, ಆಗ 325 ಯೂರೋ ಎಂದರೆ ಸುಮಾರು 31 ಗಂಟೆಯ ದುಡಿಮೆಯಿಂದ ಬಿಡುಗಡೆ. 2025ರಲ್ಲಿ ಕನಿಷ್ಠ ವೇತನ 13.50 ಯೂರೋ ಆದಾಗ ಅದೇ ಮೊತ್ತ ಬಿಡಿಸಿಕೊಟ್ಟದ್ದು 24 ಗಂಟೆಗಳನ್ನು. ತುಂಡಾಗದ ಸಮಯವೇ ಈ ಹಣದ ಸಾರವೆಂದಾದರೆ, ಮೂರು ವರ್ಷದಲ್ಲಿ ವಾರಕ್ಕೆ ಹೆಚ್ಚುಕಡಿಮೆ ಒಂದು ದಿನ ಸದ್ದಿಲ್ಲದೆ ಕಳೆದುಹೋಗಿದೆ. ಬೆಲೆ ಏರಿಕೆಗೆ ತಕ್ಕಂತೆ ಮೊತ್ತ ಏರಿಸುವ ನಿಯಮವಿಲ್ಲದಿದ್ದರೆ ಈ ಇಳಿಕೆ ಮುಂದುವರಿಯುತ್ತದೆ.

ಇದಕ್ಕಿಂತ ಕಠಿಣವಾದದ್ದು ಅವಧಿ ಮುಗಿದವರ ಸ್ಥಿತಿ. ಹಣ ಬರುತ್ತದೆಂದು ಪೂರ್ಣಾವಧಿ ನೌಕರಿಯನ್ನು ಅರೆಕಾಲಿಕಕ್ಕೆ ಇಳಿಸಿಕೊಂಡವರು, ಹಣ ನಿಂತ ಮೇಲೆ ಅದೇ ಹುದ್ದೆಗೆ, ಅದೇ ಸಂಬಳಕ್ಕೆ ಮರಳುವುದು ಸುಲಭವಲ್ಲ. ಚಿತ್ರಕಾರನಾದರೆ ಆ ಮೂರು ವರ್ಷದಲ್ಲಿ ಗ್ರಾಹಕರನ್ನು ಗಳಿಸಿಕೊಂಡಿರಬಹುದು; ಪ್ರಯೋಗಶೀಲ ಸಂಗೀತಗಾರನ ಕೈಯಲ್ಲಿ ಉಳಿದಿರುವುದು ಧ್ವನಿಮುದ್ರಣಗಳು. ಇದನ್ನು ಬಲ್ಲವರು, ಅದರಲ್ಲೂ ಮಕ್ಕಳಿರುವವರು, ಹಣ ಸಿಕ್ಕರೂ ನೌಕರಿ ಬಿಡದೆ ಅದನ್ನು ಶಿಶುಪಾಲನೆಯ ವೆಚ್ಚಕ್ಕೋ ಬಾಡಿಗೆಗೋ ಬಳಸಿಕೊಳ್ಳುವುದೇ ವಿವೇಕವೆಂದು ತೀರ್ಮಾನಿಸಬಹುದು. ಆಗ ಆ ಮನೆಯ ನೆಮ್ಮದಿ ಹೆಚ್ಚುತ್ತದೆ, ಸಂಗೀತದ ಗಂಟೆಗಳು ಇದ್ದಷ್ಟೇ ಇರುತ್ತವೆ. ಆ ಸಂಗೀತಗಾರರು ಹಣವನ್ನು ದುರ್ಬಳಕೆ ಮಾಡಿದರೆಂದು ಹೇಳುವುದಕ್ಕೂ ಯಾರಿಗೂ ಆಧಾರವಿರುವುದಿಲ್ಲ.